ಪರದೆಯ ಮೇಲಿನ ದಂಡು, ಕಲ್ಲಿನ ಮೇಲಿನ ಹೆಸರು

ಭದ್ರಾವತಿಯ ಜನ್ನಾಪುರದಲ್ಲಿ ರಾತ್ರಿ ಊಟ ಮುಗಿದು ಟಿ.ವಿ. ಆರಿದ ಮೇಲೆ ಕೆಲವು ಮನೆಗಳ ಮಹಡಿ ಕೋಣೆಯಲ್ಲಿ ಯುದ್ಧ ಶುರುವಾಗುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಬಯಲು, ಅದರ ನಡುವೆ ಒಂದು ಕೋಟೆ, ಕೋಟೆಯ ಸುತ್ತ ಕತ್ತಿ ಹಿಡಿದ ಬೆರಳುಗಾತ್ರದ ಸೈನಿಕರು. ಆಟದ ಹೆಸರು ‘ಏಜ್ ಆಫ್ ಎಂಪೈರ್ಸ್ 2’. ಹುಡುಗ ಆರಿಸಿಕೊಂಡಿರುವ ಪಡೆ ‘ದ್ರಾವಿಡರು’. ಅವನು ಕೋಟೆಯ ಮೇಲೆ ಮೌಸ್ ಒತ್ತುತ್ತಾನೆ. ಕೆಳಗಡೆ ಸಣ್ಣ ಸಣ್ಣ ಚೌಕಗಳು ಮೂಡುತ್ತವೆ. ಅವುಗಳಲ್ಲೊಂದರ ಹೆಸರು ‘ವೂಟ್ಜ್ ಸ್ಟೀಲ್’. ಅದನ್ನು ಒತ್ತಿ, ಕೇಳಿದಷ್ಟು ಚಿನ್ನ, ಆಹಾರ ತೆತ್ತರೆ ಅವನ ಕಾಲಾಳುಗಳ, ಕುದುರೆ ಸವಾರರ ಕತ್ತಿಯ ಮುಂದೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ.

ಆ ಹುಡುಗನಿಗೆ ಗೊತ್ತಿರಲಿ, ಗೊತ್ತಿಲ್ಲದಿರಲಿ, ಅವನು ಒತ್ತಿದ್ದು ಒಂದು ಕನ್ನಡ ಪದವನ್ನು. ಇಂಗ್ಲಿಷಿನ ‘ವೂಟ್ಜ್’ ಬಂದದ್ದು ನಮ್ಮ ‘ಉಕ್ಕು’ ಪದದಿಂದ, ಬರೆಯುವಾಗ ಒಂದಕ್ಷರ ಆಚೀಚೆಯಾಗಿ ಆ ರೂಪ ನಿಂತುಹೋಯಿತು ಎಂಬುದು ನಿಘಂಟುಕಾರರು ಸಾಮಾನ್ಯವಾಗಿ ಕೊಡುವ ವಿವರಣೆ. ಉಕ್ಕಿನ ಕಾರ್ಖಾನೆಯಿಂದಲೇ ಹೆಸರಾದ ಊರಿನಲ್ಲಿ ಕೂತು, ವಿದೇಶದಲ್ಲಿ ತಯಾರಾದ ಆಟದಲ್ಲಿ, ತನ್ನದೇ ಭಾಷೆಯ ಪದವನ್ನು ಪರದೇಶಿ ವೇಷದಲ್ಲಿ ಕಾಣುವ ಅವಕಾಶ ಎಲ್ಲರಿಗೂ ಸಿಗುವಂಥದ್ದಲ್ಲ. ಪ್ರಾಚೀನ ಯುದ್ಧಗಳ ಕಂಪ್ಯೂಟರ್ ಆಟಗಳನ್ನು ಕಾಲಹರಣ ಎಂದು ತಳ್ಳಿಹಾಕುವ ಹಿರಿಯರೂ, ಅವನ್ನೇ ಇತಿಹಾಸ ಎಂದು ನಂಬುವ ಕಿರಿಯರೂ ಈ ಚೌಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಪದದ ಪ್ರಯಾಣ ಹೀಗಿದೆ. 1794ರಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ, 1795ರಲ್ಲಿ, ಜಾರ್ಜ್ ಪಿಯರ್ಸನ್ ಆ ಲೋಹದ ಪರೀಕ್ಷೆ ನಡೆಸಿ ಪ್ರಬಂಧ ಓದಿದ. ವಿದ್ಯುತ್ತಿನ ಸಂಶೋಧನೆಗಳಿಂದ ಮುಂದೆ ಜಗತ್ಪ್ರಸಿದ್ಧನಾದ ಮೈಕೆಲ್ ಫ್ಯಾರಡೆ 1819ರಲ್ಲಿ ಇದರ ವಿಶ್ಲೇಷಣೆಗೆ ಕೈಹಾಕಿದ್ದ. ಅವನು ಕಮ್ಮಾರನ ಮಗ. ಯುರೋಪಿನ ದೊಡ್ಡ ತಲೆಗಳು ಹೀಗೆ ತಲೆಕೆಡಿಸಿಕೊಂಡಿದ್ದ ವಸ್ತುವನ್ನು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಮಣ್ಣಿನ ಮೂಸೆಯಲ್ಲಿ ಮಾಡುತ್ತಿದ್ದರು. ಮೆದು ಕಬ್ಬಿಣದ ತುಂಡು, ತಂಗಡಿಯಂಥ ಗಿಡದ ಕಟ್ಟಿಗೆ ಚೂರು, ಒಂದಷ್ಟು ಹಸಿರೆಲೆ, ಇಷ್ಟನ್ನು ಮೂಸೆಗೆ ಹಾಕಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಇದ್ದಿಲ ಕುಲುಮೆಯಲ್ಲಿಟ್ಟು ಗಂಟೆಗಟ್ಟಲೆ ತಿದಿ ಒತ್ತುವುದು. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಇಳಿದು, ನಿಧಾನವಾಗಿ ಆರಿದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಬ್ಬಿಣ ಮತ್ತು ಉಕ್ಕು ಮಾಡುವ ಇಲ್ಲಿನ ಕ್ರಮವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಪಶ್ಚಿಮ ಏಷ್ಯದ ಹೆಸರಾಂತ ‘ಡಮಾಸ್ಕಸ್’ ಕತ್ತಿಗಳ ಅಲೆಯಲೆಯಾದ ಮೈ ಈ ಬಗೆಯ ಉಕ್ಕಿನಿಂದ ಬಂದದ್ದು.

ಕವಚವೇ ಲೆಕ್ಕಕ್ಕಿಲ್ಲ ಎಂಬುದು ಆಟದ ಉತ್ಪ್ರೇಕ್ಷೆ. ಯಾವ ಕತ್ತಿಯೂ ಅಷ್ಟು ಮಾಡಲಾರದು. ಆದರೆ ಉತ್ಪ್ರೇಕ್ಷೆಯ ಕೆಳಗೆ ಒಂದು ನಿಜ ಇದೆ, ಮತ್ತು ಈ ಜಾತಿಯ ಆಟಗಳನ್ನು ಅರ್ಥ ಮಾಡಿಕೊಳ್ಳುವ ಕೀಲಿ ಇರುವುದೂ ಅಲ್ಲೇ. ಇವು ಇತಿಹಾಸದ ಒಂದೊಂದು ಸಂಗತಿಯನ್ನು ಹಿಡಿದು, ಉಬ್ಬಿಸಿ, ನಿಯಮ ಮಾಡುತ್ತವೆ. ಆಡುವವನಿಗೆ ನಿಯಮ ಕಾಣುತ್ತದೆ. ಅದರ ಹಿಂದಿನ ಸಂಗತಿಯನ್ನು ಅವನೇ ಹುಡುಕಿಕೊಳ್ಳಬೇಕು.

ಆಟದ ಮೊದಲ ನಿಯಮವೇ ಬಹಳ ಜನರಿಗೆ ಅಚ್ಚರಿ ತರುತ್ತದೆ. ಯುದ್ಧದ ಆಟವಾದರೂ ಆರಂಭದ ಹತ್ತು ಹದಿನೈದು ನಿಮಿಷ ಯುದ್ಧವೇ ಇರುವುದಿಲ್ಲ. ಸಾಮಾನ್ಯವಾಗಿ ಮೂವರು ಹಳ್ಳಿಗರಿಂದ ಆಟ ಶುರು. ಒಬ್ಬೊಬ್ಬ ಹೊಸ ಹಳ್ಳಿಗನಿಗೆ 50 ಪಾಲು ಆಹಾರ ಬೇಕು. ಐದು ಜನರಿಗೆ ಒಂದು ಮನೆ ಕಟ್ಟಬೇಕು. ಮರ ಕಡಿಯಬೇಕು, ಕಲ್ಲು ಒಡೆಯಬೇಕು, ಚಿನ್ನ ಅಗೆಯಬೇಕು, ಹೊಲ ಉಳಬೇಕು. ಒಂದು ಯುಗದಿಂದ ಇನ್ನೊಂದಕ್ಕೆ ಏರಲು ಮೊದಲು 500 ಪಾಲು ಆಹಾರ, ಆಮೇಲೆ 800 ಪಾಲು ಆಹಾರದ ಜೊತೆ 200 ಪಾಲು ಚಿನ್ನ. ಹಳ್ಳಿಗರನ್ನು ಸುಮ್ಮನೆ ನಿಲ್ಲಿಸಿದವನು ಎಷ್ಟೇ ಚೆನ್ನಾಗಿ ಕಾದಾಡಿದರೂ ಸೋಲುತ್ತಾನೆ. ದಂಡಿನ ಹಿಂದೆ ಕಣಜ ಇರಬೇಕು, ಕಣಜದ ಹಿಂದೆ ಉಳುವವನಿರಬೇಕು ಎನ್ನುವುದನ್ನು ಪಾಠಪುಸ್ತಕ ನೂರು ಸಲ ಹೇಳಿದರೂ ನಾಟುವುದಿಲ್ಲ. ಇಲ್ಲಿ ಎರಡು ಸಲ ಸೋತರೆ ನಾಟುತ್ತದೆ.

ಭದ್ರಾವತಿಯವರಿಗೆ ಈ ಲೆಕ್ಕ ಹೊಸದೇನಲ್ಲ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆ ಕಟ್ಟಿದ್ದು ಯಾಕೆ? ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಸುತ್ತ ಮಲೆನಾಡಿನ ಕಾಡು ಇತ್ತು, ಪಕ್ಕದಲ್ಲೇ ಭದ್ರಾ ನದಿ ಹರಿಯುತ್ತಿತ್ತು. 1923ರಲ್ಲಿ ಕೆಲಸ ಆರಂಭಿಸಿದ ಕುಲುಮೆ ಉರಿದದ್ದು ಇದ್ದಿಲಿನಿಂದ. ಒಂದು ಟನ್ನು ಕಬ್ಬಿಣದ ಹಿಂದೆ ಎಷ್ಟು ಮರ, ಎಷ್ಟು ಕೂಲಿ, ಎಷ್ಟು ಸಾಗಣೆ ಇದೆಯೆಂಬುದನ್ನು ಮೂರು ತಲೆಮಾರು ದುಡಿದು ಕಂಡ ಊರು ಇದು. ಪರದೆಯ ಮೇಲೆ ಮರದ ಲೆಕ್ಕ ಸೊನ್ನೆಗೆ ಇಳಿದಾಗ ಹುಡುಗ ಪೇಚಾಡುತ್ತಾನಲ್ಲ, ಆ ಪೇಚಾಟವನ್ನು ಅವನ ಅಜ್ಜ ಬೇರೆ ರೂಪದಲ್ಲಿ ನೋಡಿರುತ್ತಾನೆ.

ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ಸಂಸ್ಥೆ 1999ರಲ್ಲಿ ತಂದ ಈ ಆಟ ಮೊದಲ ಬಾರಿಗೆ ಬಂದಾಗ ಅದರಲ್ಲಿ ಭಾರತವೇ ಇರಲಿಲ್ಲ. ಮುಂದೆ ‘ಭಾರತೀಯರು’ ಎಂಬ ಒಂದೇ ಗುಂಪಿನಡಿ ಇಡೀ ಉಪಖಂಡವನ್ನು ತುರುಕಲಾಯಿತು. 2022ರ ಏಪ್ರಿಲ್‌ನಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ವಿಸ್ತರಣೆ ಅದನ್ನು ಬಿಡಿಸಿತು. ದ್ರಾವಿಡರು, ಬಂಗಾಳಿಗಳು, ಗುರ್ಜರರು ಹೊಸದಾಗಿ ಬಂದರು, ಹಳೆಯ ಗುಂಪು ‘ಹಿಂದೂಸ್ತಾನಿ’ಗಳಾಯಿತು. ದ್ರಾವಿಡ ಪಡೆಯ ಕಥಾನಕಕ್ಕೆ ನಾಯಕ ರಾಜೇಂದ್ರ ಚೋಳ. ಈ ಪಡೆಯ ಕಾಲಾಳು ಗಟ್ಟಿ, ಹಡಗು ಗಟ್ಟಿ, ಕುದುರೆ ದುರ್ಬಲ. ಇದೂ ಹಗುರವಾಗಿ ಮಾಡಿದ ಆಯ್ಕೆಯಲ್ಲ. ದಕ್ಷಿಣದ ಅರಸರಿಗೆ ಒಳ್ಳೆಯ ಕುದುರೆ ಸಮುದ್ರದ ಆಚೆಯಿಂದ ಬರಬೇಕಿತ್ತು. ವಿಜಯನಗರದ ಅರಸ ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಕುದುರೆಯ ಕೊರತೆ ದಕ್ಷಿಣದ ರಾಜಕೀಯವನ್ನೇ ತಿರುಗಿಸಿದ ಕೊರತೆ. ಅದು ಆಟದಲ್ಲಿ ಒಂದು ಮಂಕಾದ ಚೌಕವಾಗಿ ಕೂತಿದೆ.

ಕಣಜದ ಲೆಕ್ಕ ಕಲಿಸುವ ಆಟ ಇದಾದರೆ, ಕಣದ ಲೆಕ್ಕ ಕಲಿಸುವುದು ‘ರೋಮ್: ಟೋಟಲ್ ವಾರ್’. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ 2004ರಲ್ಲಿ ತಂದ ಈ ಆಟ ಈಗ ಮೊಬೈಲಿನಲ್ಲೂ ಸಿಗುವುದರಿಂದ ದುಬಾರಿ ಕಂಪ್ಯೂಟರ್ ಇಲ್ಲದವರೂ ಆಡಬಹುದು. ಕ್ರಿ.ಪೂ. 270ರಿಂದ ಆರಂಭ. ನಕ್ಷೆಯ ಮೇಲೆ ಆಡುವಾಗ ಒಂದೊಂದು ಸರದಿ ಅರ್ಧ ವರ್ಷ. ಎರಡು ದಂಡು ಎದುರಾದಾಗ ನಕ್ಷೆ ಮಾಯವಾಗಿ ಬಯಲು ತೆರೆದುಕೊಳ್ಳುತ್ತದೆ, ಸಾವಿರಾರು ಸೈನಿಕರು ಸಾಲುಗಟ್ಟಿ ನಿಲ್ಲುತ್ತಾರೆ. ಬಿಬಿಸಿ ತನ್ನ ‘ಟೈಮ್ ಕಮಾಂಡರ್ಸ್’ ಎಂಬ ಟಿ.ವಿ. ಕಾರ್ಯಕ್ರಮದಲ್ಲಿ ಹಳೆಯ ಕದನಗಳನ್ನು ಮರುಸೃಷ್ಟಿಸಲು ಇದರ ತಂತ್ರಜ್ಞಾನವನ್ನೇ ಬಳಸಿತು.

ಇಲ್ಲಿ ಹೊಸಬ ಮಾಡುವ ಮೊದಲ ತಪ್ಪು, ತಲೆ ಎಣಿಸುವುದು. ತನ್ನ ಕಡೆ ಸಾವಿರ, ಅತ್ತ ಆರುನೂರು, ಗೆದ್ದೆ ಎಂದುಕೊಂಡು ನುಗ್ಗಿಸುತ್ತಾನೆ. ಗುಡ್ಡ ಏರಿ ಬಂದ ಅವನ ಜನ ದಣಿದಿರುತ್ತಾರೆ. ಎದುರಿನವರು ಗುಡ್ಡದ ಮೇಲೆ ನಿಂತು ಕಾದಿರುತ್ತಾರೆ. ಮುಂದಿನ ಸಾಲು ಕಾದಾಡುತ್ತಿರುವಾಗ ಹಿಂದಿನಿಂದ ಕುದುರೆಗಳು ಬಂದು ಬಡಿಯುತ್ತವೆ. ಸತ್ತವರು ಹತ್ತರಲ್ಲಿ ಒಬ್ಬರು ಮಾತ್ರ, ಆದರೂ ಇಡೀ ದಂಡು ಬಿಳಿ ಬಾವುಟ ಹಾರಿಸಿ ಓಡುತ್ತದೆ. ಎದೆಗಾರಿಕೆ ಕುಸಿದ ದಂಡಿಗೆ ಸಂಖ್ಯೆ ಏನೂ ಮಾಡಲಾರದು ಎಂಬುದು ಆಟದ ತಿರುಳು. ಇದಕ್ಕೆ ಜಗತ್ತಿನ ದೊಡ್ಡ ಸಾಕ್ಷಿ ಕ್ರಿ.ಪೂ. 216ರ ಕ್ಯಾನೆ ಕದನ. ರೋಮನ್ನರ ಎದುರಾಳಿ ಸೇನಾಪತಿ ಹ್ಯಾನಿಬಲ್ ಬಳಿ 50,000ದಷ್ಟು ಜನ, ರೋಮನ್ನರು 80,000ಕ್ಕೂ ಹೆಚ್ಚು ಎಂದು ಇತಿಹಾಸಕಾರ ಪಾಲಿಬಿಯಸ್ ಲೆಕ್ಕ ಕೊಡುತ್ತಾನೆ. ಹ್ಯಾನಿಬಲ್ ತನ್ನ ನಡುಸಾಲನ್ನು ಬೇಕೆಂದೇ ಹಿಂದೆ ಸರಿಯಗೊಟ್ಟ. ರೋಮನ್ನರು ಒಳನುಗ್ಗಿ ತುರುಕಿಕೊಂಡರು. ಎರಡು ಪಕ್ಕದಿಂದ ಕಾಲಾಳು, ಬೆನ್ನಿನಿಂದ ಕುದುರೆ ಮುಚ್ಚಿಕೊಂಡವು. ಒಳಗಿದ್ದವರಿಗೆ ಕೈ ಎತ್ತಲೂ ಜಾಗವಿರಲಿಲ್ಲ.

ಆಟದಲ್ಲಿ ಇನ್ನೊಂದು ನಿಯಮವಿದೆ. ಸೇನಾಪತಿ ಬಿದ್ದರೆ ಎಲ್ಲರ ಎದೆ ಒಮ್ಮೆಲೇ ಒಡೆಯುತ್ತದೆ. ಇದಕ್ಕೆ ಸಾಕ್ಷಿ ಹುಡುಕಲು ರೋಮಿಗೆ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕನ್ನಡ ಶಾಸನ ಸಾಕು. ಕಾಲ 949–50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಚೋಳರ ರಾಜಾದಿತ್ಯನೂ ಈಗಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ಎದುರಾದರು. ಕೃಷ್ಣನ ಪರವಾಗಿ ಕಾದುತ್ತಿದ್ದ ಗಂಗರ ಇಮ್ಮಡಿ ಬೂತುಗ ಚೋಳ ರಾಜಕುಮಾರನನ್ನು ಕೊಂದನೆಂದು ಶಾಸನ ಹೇಳುತ್ತದೆ. ರಾಜಾದಿತ್ಯ ಆನೆಯ ಮೇಲೆಯೇ ಪ್ರಾಣಬಿಟ್ಟ. ಚೋಳರು ಸಾವರಿಸಿಕೊಳ್ಳಲು ಹಲವು ದಶಕ ಹಿಡಿಯಿತು. ಬೂತುಗನಿಗೆ ಸಿಕ್ಕ ಉಡುಗೊರೆಯಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡೂ ಸೇರಿತ್ತು. ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ಸೀಮೆ ಆ ನಾಡಿನ ಭಾಗ. ದೂರದ ತಕ್ಕೋಲದಲ್ಲಿ ಒಬ್ಬ ರಾಜಕುಮಾರ ಆನೆಯ ಮೇಲೆ ಸತ್ತದ್ದರಿಂದ ಇಲ್ಲಿನ ಊರುಗಳ ಒಡೆತನವೇ ಬದಲಾಯಿತು.

ಆನೆ ಎಂದ ಮೇಲೆ ಸಕ್ರೆಬೈಲಿನ ಮಾತು ಬರಲೇಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ, ಗಾಜನೂರು ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿರುವ ಆನೆ ಬಿಡಾರ ಅದು. ಬೆಳಿಗ್ಗೆ ಹೋದರೆ ಮಾವುತರು, ಕಾವಾಡಿಗಳು ತುಂಗೆಯಲ್ಲಿ ಆನೆಗಳನ್ನು ಮಲಗಿಸಿ ಮೈ ಉಜ್ಜುವುದು ಕಾಣುತ್ತದೆ. ಕಿವಿಯ ಹಿಂದೆ ಕಾಲುಬೆರಳಿನಿಂದ ಒಂದು ಚಿಕ್ಕ ಒತ್ತು, ಒಂದು ಮಾತು, ಅಷ್ಟಕ್ಕೇ ಅಷ್ಟು ದೊಡ್ಡ ಜೀವ ಮಗ್ಗುಲು ತಿರುಗಿಸುತ್ತದೆ. ಆ ನಂಬಿಕೆ ಬೆಳೆಯಲು ವರ್ಷಗಳು ಬೇಕು. ಮದ ಬಂದ ಕಾಲದಲ್ಲಿ ಅದೇ ಆನೆಯ ಹತ್ತಿರ ಅದೇ ಮಾವುತನೂ ಎಚ್ಚರದಿಂದ ಹೋಗಬೇಕು. ಬೆಳೆದ ಆನೆಗೆ ದಿನಕ್ಕೆ 150 ಕಿಲೋ ಆಸುಪಾಸು ಮೇವು ಬೇಕು. ನೂರು ಆನೆಯ ದಂಡು ಒಂದು ಊರಿನ ಪಕ್ಕದಲ್ಲಿ ಬೀಡುಬಿಟ್ಟರೆ ಆ ಊರಿನ ಗತಿ ಏನಾಗುತ್ತಿತ್ತೆಂದು ಊಹಿಸಬಹುದು.

ಆಟದಲ್ಲಿ ಆನೆ ಹೇಗಿದೆ? ‘ಏಜ್ ಆಫ್ ಎಂಪೈರ್ಸ್’ನ ದ್ರಾವಿಡರಿಗೆ ಕೋಟೆ ಬಾಗಿಲು ಮುರಿಯುವ ದಿಮ್ಮಿಯ ಬದಲು ಕವಚ ತೊಟ್ಟ ಆನೆ ಕೊಟ್ಟಿದ್ದಾರೆ. ಹಳೆಯ ಕೋಟೆಗಳ ಬಾಗಿಲಿಗೆ ಕಬ್ಬಿಣದ ಮೊಳೆ ಜಡಿದದ್ದು ಆನೆಯ ಹಣೆಗೆ ಅಂಜಿಯೇ, ಹಾಗಾಗಿ ಅದು ಸರಿಯಾಗಿದೆ. ಆದರೆ ಆ ಆನೆಗೆ ಮದವಿಲ್ಲ, ಹೆದರಿಕೆಯಿಲ್ಲ, ಹಸಿವಿಲ್ಲ. ‘ರೋಮ್: ಟೋಟಲ್ ವಾರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರಲ್ಲಿ ಬೆದರಿದ ಆನೆ ಹುಚ್ಚೆದ್ದು ತನ್ನವರನ್ನೇ ತುಳಿಯುತ್ತದೆ. ಆಗ ಅದನ್ನು ಕೊಲ್ಲಲು ಮಾವುತನಿಗೆ ಆಜ್ಞೆ ಕೊಡುವ ಒಂದು ಗುಂಡಿ ಇದೆ. ಅದು ಕಟ್ಟುಕತೆಯಲ್ಲ. ಕ್ರಿ.ಪೂ. 207ರ ಮೆಟಾರಸ್ ಕದನದಲ್ಲಿ ಹ್ಯಾನಿಬಲನ ತಮ್ಮ ಹಸ್ದ್ರುಬಲನ ಮಾವುತರು ಉಳಿ, ಸುತ್ತಿಗೆ ಇಟ್ಟುಕೊಂಡಿದ್ದರು, ಆನೆ ಕೈಮೀರಿದರೆ ಕುತ್ತಿಗೆಯ ಸಂದಿಗೆ ಉಳಿ ಇಟ್ಟು ಹೊಡೆಯುತ್ತಿದ್ದರು ಎಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಸಕ್ರೆಬೈಲಿನ ನೀರಿನಲ್ಲಿ ಆನೆಯ ಮೈ ಉಜ್ಜುವ ಕೈಯನ್ನು ಒಮ್ಮೆ ನೋಡಿದವರಿಗೆ ಆ ಗುಂಡಿಯನ್ನು ಒತ್ತುವುದು ಸುಲಭವಾಗುವುದಿಲ್ಲ.

ಕನ್ನಡ ನಾಡಿನ ಅರಸರು ಆನೆಯನ್ನು ಬೇರೆ ಬಗೆಯಲ್ಲಿ ಬಳಸಿದ್ದರು. ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗ್, ಇಲ್ಲಿನ ವೀರರು ಕದನಕ್ಕೆ ಹೋಗುವ ಮುನ್ನ ತಾವೂ ಕುಡಿದು ಆನೆಗಳಿಗೂ ಕುಡಿಸಿ ನುಗ್ಗುತ್ತಾರೆ, ಅವರ ಮುಂದೆ ಯಾವ ದಂಡೂ ನಿಲ್ಲದು ಎಂದು ದಾಖಲಿಸಿದ. ನರ್ಮದೆಯ ಕಡೆ ಹರ್ಷವರ್ಧನನನ್ನು ತಡೆದವರು ಇವರೇ. ಆ ಕದನದಲ್ಲಿ ಹರ್ಷನ ಆನೆಗಳು ಉರುಳಿದ್ದನ್ನು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನೆ. ಆನೆಗೆ ಹೆಂಡ ಕುಡಿಸುವ ಗುಂಡಿ ಯಾವ ಆಟದಲ್ಲೂ ಇರಲಾರದು. ಆ ಜೀವಕ್ಕೆ ಅದೊಂದು ಹಿಂಸೆಯೇ ಸರಿ. ಯುದ್ಧದ ನಿಜ ಮುಖ ಎಷ್ಟು ಒರಟು ಎಂಬುದಕ್ಕೆ ಮಾತ್ರ ಇದೊಂದು ಲೆಕ್ಕ.

ಇನ್ನು ತಂತ್ರದ ಮಾತು. ಚಿಕ್ಕ ದಂಡು ದೊಡ್ಡ ರಾಜ್ಯವನ್ನು ಎದುರಿಸುವುದು ಹೇಗೆ? ಆಟದ ನುರಿತ ಆಟಗಾರರು ಹೇಳುವ ಉಪಾಯ ಒಂದೇ: ಬಯಲಿಗೆ ಇಳಿಯಬೇಡ, ಕಾಡು ಹಿಡಿ, ಅವರ ಕಣಜಕ್ಕೆ ಕೈ ಹಾಕು, ದಣಿಸು, ಆಮೇಲೆ ಮಾತಿಗೆ ಕೂತುಕೋ. ಈ ಉಪಾಯವನ್ನು ಅಕ್ಷರಶಃ ನಡೆಸಿ ತೋರಿಸಿದವನ ಕತೆ ಶಿವಮೊಗ್ಗ ಜಿಲ್ಲೆಯಲ್ಲೇ ಕಲ್ಲಿನ ಮೇಲಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದಲ್ಲಿ ಐದನೆಯ ಶತಮಾನದ ಸಂಸ್ಕೃತ ಶಾಸನ ಇದೆ. ಬರೆದ ಕವಿಯ ಹೆಸರು ಕುಬ್ಜ. ವೇದ ಓದಲು ಗುರುವಿನೊಂದಿಗೆ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗಿನ ಜಗಳದಲ್ಲಿ ಅವಮಾನಗೊಂಡ. ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಗಡಿ ಕಾಯುತ್ತಿದ್ದ ಪಲ್ಲವರ ಅಧಿಕಾರಿಗಳನ್ನು ಸೋಲಿಸಿ ಶ್ರೀಪರ್ವತದವರೆಗಿನ ದಟ್ಟ ಕಾಡನ್ನು ಹಿಡಿದ. ಬೃಹದ್ಬಾಣರಂಥ ಪಲ್ಲವ ಸಾಮಂತರಿಂದ ಕಪ್ಪ ಎತ್ತಿದ. ದಂಡೆತ್ತಿ ಬಂದ ಪಲ್ಲವರಿಗೆ ಅವನನ್ನು ಹೊರದೂಡಲು ಆಗದೆ ಕೊನೆಗೆ ರಾಜಿಯಾಗಿ, ಪಶ್ಚಿಮ ಸಮುದ್ರದಿಂದ ಆರಂಭವಾಗುವ ನಾಡನ್ನು ಬಿಟ್ಟುಕೊಟ್ಟರು. ಕದಂಬರ ರಾಜ್ಯ ಹುಟ್ಟಿದ್ದು ಹೀಗೆ. ಕಾಡು, ಕಪ್ಪ, ದಣಿವು, ರಾಜಿ, ನಾಲ್ಕೂ ಒಂದಾದ ಮೇಲೊಂದು ಅಲ್ಲಿ ಬರುತ್ತವೆ.

ಯುದ್ಧವನ್ನು ಆಟವಾಗಿ ಆಡುವುದೂ ಈ ನಾಡಿಗೆ ಹೊಸದಲ್ಲ. ರಥ, ಆನೆ, ಕುದುರೆ, ಕಾಲಾಳು ಎಂಬ ನಾಲ್ಕು ಅಂಗದ ದಂಡನ್ನೇ ಮಣೆಯ ಮೇಲಿಟ್ಟದ್ದು ಚದುರಂಗ. ಕಲ್ಯಾಣದ ಚಾಲುಕ್ಯ ಅರಸ ಮುಮ್ಮಡಿ ಸೋಮೇಶ್ವರ 1130ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ವಿವರಣೆ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಮಣೆಯ ಅರುವತ್ನಾಲ್ಕು ಮನೆಗಳನ್ನೂ ಕುದುರೆಯೊಂದು ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಗಳನ್ನು ಹೆಣೆಯುವುದರಲ್ಲಿ ನಿಸ್ಸೀಮರಾಗಿದ್ದರು. ಹಳ್ಳಿಯ ಜಗುಲಿಯ ಮೇಲೆ ಸುಣ್ಣದ ಕಲ್ಲಿನಲ್ಲಿ ಗೀರಿಕೊಂಡು ಆಡುವ ಹುಲಿ-ಕುರಿ ಆಟ ಇವೆಲ್ಲಕ್ಕಿಂತ ಸೂಕ್ಷ್ಮ. ಅಲ್ಲಿ ಎರಡು ಕಡೆಗೆ ಒಂದೇ ಬಲ ಇರುವುದಿಲ್ಲ. ಹುಲಿ ಬೆರಳೆಣಿಕೆಯಷ್ಟು, ಹಾರಿ ತಿನ್ನುತ್ತದೆ. ಕುರಿ ಹಿಂಡಿನಷ್ಟು, ಒಂದೂ ತಿನ್ನಲಾರದು, ಆದರೆ ಒತ್ತೊತ್ತಾಗಿ ನಿಂತು ಹುಲಿಯ ದಾರಿ ಕಟ್ಟುತ್ತವೆ. ಬಲ ಬೇರೆ ಬೇರೆ ಇದ್ದೂ ಆಟ ಸಮವಾಗಿರಬೇಕು ಎಂಬುದು ಇಂದಿನ ಕಂಪ್ಯೂಟರ್ ಆಟ ಕಟ್ಟುವವರು ತಲೆಕೆಡಿಸಿಕೊಳ್ಳುವ ದೊಡ್ಡ ಪ್ರಶ್ನೆ. ಅದಕ್ಕೆ ಜಗುಲಿಯ ಮೇಲೆ ಉತ್ತರ ಇತ್ತು.

ಹಾಗಾದರೆ ಪರದೆಯ ಆಟದಲ್ಲಿ ಇಲ್ಲದ್ದು ಏನು? ಇದಕ್ಕೆ ಉತ್ತರ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಊರಬಾಗಿಲಲ್ಲಿ ನಿಂತಿದೆ.

‘ಏಜ್ ಆಫ್ ಎಂಪೈರ್ಸ್’ ಆಡುವವರಿಗೆಲ್ಲ ಗೊತ್ತಿರುವ ಒಂದು ತುಂಟತನ ಇದೆ. ಆಟದ ಆರಂಭದಲ್ಲಿ ಬಯಲಿನಲ್ಲಿ ಕುರಿಗಳು ಮೇಯುತ್ತಿರುತ್ತವೆ. ಎದುರಾಳಿ ಕಾವಲಿಡದಿದ್ದರೆ ನಿಮ್ಮ ಕುದುರೆ ಸವಾರನನ್ನು ಕಳಿಸಿ ಅವನ ಕುರಿಗಳನ್ನು ಹೊಡೆದುಕೊಂಡು ಬರಬಹುದು. ಆಡುವವರು ಕೇಕೆ ಹಾಕುತ್ತಾರೆ. ಇದೇ ಕೆಲಸಕ್ಕೆ ಹಳಗನ್ನಡದಲ್ಲಿ ‘ತುರುಗೋಳ್’ ಎಂಬ ಹೆಸರಿದೆ. ಊರಿನ ದನ ಹೊಡೆದುಕೊಂಡು ಹೋಗುವುದು. ಹಾಗೆ ಹೋದ ದನವನ್ನು ಬಿಡಿಸಿ ತರಲು ಹೋಗಿ ಸತ್ತವರಿಗೆ ನೆಟ್ಟ ವೀರಗಲ್ಲುಗಳು ಕರ್ನಾಟಕದ ತುಂಬ ಇವೆ. ಶಿಕಾರಿಪುರ, ಸೊರಬ, ಸಾಗರದ ಕಡೆ ಹೋದರೆ ಕಣ್ಣು ಹಾಯಿಸಿದಲ್ಲಿ ಕಾಣಸಿಗುತ್ತವೆ. ಕಲ್ಲಿನ ಕೆಳಪಟ್ಟಿಯಲ್ಲಿ ಕಾಳಗ, ನಡುಪಟ್ಟಿಯಲ್ಲಿ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲಿನ ಪಟ್ಟಿಯಲ್ಲಿ ಅವನು ದೇವರ ಮುಂದೆ ಕೂತಿರುವುದು. ಬರಹ ಇರುವ ಕಲ್ಲುಗಳಲ್ಲಿ ಅವನ ಹೆಸರು, ಊರು, ಸತ್ತ ಕಾರಣ ಕೆತ್ತಿರುತ್ತಾರೆ. ಊರಳಿವಿನಲ್ಲಿ ಸತ್ತವನು, ಹೆಣ್ಣುಮಕ್ಕಳ ಮಾನ ಉಳಿಸಲು ಹೋಗಿ ಸತ್ತವನು, ದನಕ್ಕಾಗಿ ಸತ್ತವನು. ಅವರಲ್ಲಿ ಬಹಳ ಮಂದಿ ರಾಜರಲ್ಲ. ಊರಿನ ಗೌಡನೋ, ಯಾರದೋ ಮಗನೋ, ಯಾರದೋ ಸೇವಕನೋ ಆಗಿದ್ದವರು.

ಆತಕೂರಿನ ಕಲ್ಲನ್ನೇ ಮತ್ತೊಮ್ಮೆ ನೋಡಿ. ತಕ್ಕೋಲದ ಮಹಾಕದನದ ಸುದ್ದಿ ಅದರಲ್ಲಿ ಇದೆಯಾದರೂ ಅದನ್ನು ನೆಟ್ಟದ್ದು ಒಂದು ನಾಯಿಗಾಗಿ. ಬೂತುಗನ ಸೇವಕ ಮಣಲೆರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಮಣಲೆರ ಕಲ್ಲು ನೆಡಿಸಿ, ಅದಕ್ಕೆ ಪೂಜೆ ನಡೆಯಲು ಭೂಮಿ ಬಿಡಿಸಿದ. ಪರದೆಯ ಆಟದಲ್ಲೂ ಕಾಡುಹಂದಿ ಇದೆ. ಹಳ್ಳಿಗನೊಬ್ಬ ಬಾಣ ಬಿಟ್ಟು ಅದನ್ನು ಊರಿನತ್ತ ಓಡಿಸಿಕೊಂಡು ಬರಬೇಕು, ಆಡುವವನು ಮೈಮರೆತರೆ ಹಳ್ಳಿಗನೇ ಸಾಯುತ್ತಾನೆ. ಆಗ ಆಗುವ ನಷ್ಟ 50 ಪಾಲು ಆಹಾರ. ಒಂದು ಗುಂಡಿ ಒತ್ತಿದರೆ 25 ಸೆಕೆಂಡಿನಲ್ಲಿ ಹೊಸ ಹಳ್ಳಿಗ ಬರುತ್ತಾನೆ, ಅವನಿಗೂ ಹೆಸರಿಲ್ಲ.

ಆಟದ ದೊಡ್ಡ ಕೊರತೆ ಇದು. ಆಡುವವನು ಯಾವಾಗಲೂ ಆಕಾಶದಿಂದ ನೋಡುತ್ತಾನೆ. ಅವನೇ ಅರಸ, ಅವನೇ ಸೇನಾಪತಿ. ಸತ್ತವರು ಸಂಖ್ಯೆ. ಗೆದ್ದ ಮೇಲೆ ಸಂಗೀತ ಮೊಳಗುತ್ತದೆ, ಅಂಕಪಟ್ಟಿ ಬರುತ್ತದೆ. ಗೆದ್ದ ಮೇಲೆ ಬಾಯಿ ಕಟ್ಟಿದ ಅರಸನೊಬ್ಬ ಈ ದೇಶದಲ್ಲಿದ್ದ. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು ಎಂದು ಅಶೋಕ ಹದಿಮೂರನೆಯ ಬಂಡೆ ಶಾಸನದಲ್ಲಿ ತಾನೇ ಹೇಳಿಕೊಂಡು ಮರುಗಿದ. ಅವನ ಮಾತು ಕೆತ್ತಿದ ಬಂಡೆಗಳು ಭದ್ರಾವತಿಯಿಂದ ಬಹಳ ದೂರವೇನಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಕಿರು ಬಂಡೆ ಶಾಸನ ಈಗಲೂ ಇದೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬ ಮಾತು ಅದರಲ್ಲಿ ಇದೆ.

ಹೀಗೆಂದು ಆಟವನ್ನು ಬಿಡಿಸಬೇಕಾಗಿಲ್ಲ. ಆಟ ಎಬ್ಬಿಸಿದ ಕುತೂಹಲವನ್ನು ಕಲ್ಲಿನವರೆಗೆ ಒಯ್ಯಬೇಕು. ಸ್ವೀಡನ್ನಿನ ‘ಕ್ರುಸೇಡರ್ ಕಿಂಗ್ಸ್ 3’ ಎಂಬ ಆಟವನ್ನು 867ನೇ ಇಸವಿಯಿಂದ ಶುರು ಮಾಡಿದರೆ ನಕ್ಷೆಯ ಮೇಲೆ ಅಮೋಘವರ್ಷನ ರಾಷ್ಟ್ರಕೂಟ ರಾಜ್ಯ ಸಿಗುತ್ತದೆ, 1066ರಿಂದ ಶುರು ಮಾಡಿದರೆ ಚಾಲುಕ್ಯರು ಸಿಗುತ್ತಾರೆ. ಜಗತ್ತಿನ ಯಾವುದೋ ಮೂಲೆಯ ಹುಡುಗ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ ಹೆಸರನ್ನು ಮೊದಲ ಬಾರಿಗೆ ಓದುವುದು ಅಲ್ಲಿ. ನಮ್ಮ ಮಕ್ಕಳೂ ಅಲ್ಲೇ ಮೊದಲು ಓದುತ್ತಿದ್ದರೆ ಅದು ಶಾಲೆಯವರೂ ಮನೆಯವರೂ ಯೋಚಿಸಬೇಕಾದ ಮಾತು.

ಮಾಡಲು ಸಾಧ್ಯವಿರುವ ಕೆಲಸ ಎರಡಿವೆ. ಮೊದಲನೆಯದು ಕಂಪ್ಯೂಟರಿನ ಮುಂದೆ ಮಾಡುವಂಥದ್ದು. ‘0 ಎ.ಡಿ.’ ಎಂಬ ಪ್ರಾಚೀನ ಯುದ್ಧದ ಆಟ ಪೂರ್ತಿ ಉಚಿತ. ಲೋಕದ ನಾನಾ ಕಡೆಯ ಸ್ವಯಂಸೇವಕರು ಕೂಡಿ ಕಟ್ಟುತ್ತಿರುವ ಮುಕ್ತ ತಂತ್ರಾಂಶ. ಗ್ರೀಕರು, ರೋಮನ್ನರು, ಪರ್ಷಿಯನ್ನರ ಜೊತೆ ಮೌರ್ಯರೂ ಇದ್ದಾರೆ. ಕಟ್ಟಿಗೆ, ಧಾನ್ಯ ಹೊರಲು ನೆರವಾಗುವ ಕೆಲಸದ ಆನೆ ಮೌರ್ಯರ ವಿಶೇಷ. ಆ ಆಟದ ಪದಗಳನ್ನು ಬೇರೆ ಬೇರೆ ಭಾಷೆಗೆ ತರುವವರೂ ಸ್ವಯಂಸೇವಕರೇ. ಭದ್ರಾವತಿ, ಶಿವಮೊಗ್ಗದ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವವರೂ ಕನ್ನಡ ಓದುವವರೂ ಒಂದು ಮೇಜಿನ ಸುತ್ತ ಕೂತರೆ ಅದನ್ನು ಕನ್ನಡದಲ್ಲಿ ಆಡುವಂತೆ ಮಾಡಬಹುದು. ದಂಡು, ಪಡೆ, ಕಾಲಾಳು, ಬಿಲ್ಲಾಳು, ರಾವುತ, ಮಾವುತ, ಅಗಳು, ಕೊತ್ತಳ, ಕಣಜ, ಕಮ್ಮಟ, ಕುಲುಮೆ, ಇವೆಲ್ಲ ಈಗಾಗಲೇ ನಮ್ಮಲ್ಲಿರುವ ಪದಗಳು, ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಆಗ ‘ಸ್ಟೀಲ್’ ಇರುವ ಕಡೆ ‘ಉಕ್ಕು’ ಎಂದೇ ಬರೆಯಬಹುದು.

ಎರಡನೆಯದಕ್ಕೆ ಮನೆಯಿಂದ ಹೊರಡಬೇಕು. ಜನ್ನಾಪುರದಿಂದ ಶಿವಮೊಗ್ಗ, ಅಲ್ಲಿಂದ ಶಿಕಾರಿಪುರ, ಮುಂದೆ ಶಿರಾಳಕೊಪ್ಪದ ಹತ್ತಿರ ತಾಳಗುಂದ, ಅಲ್ಲಿಂದ ಸ್ವಲ್ಪ ದೂರದಲ್ಲಿ ಬಳ್ಳಿಗಾವಿ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಮನೆಯಲ್ಲಿ ಇಂಥ ಆಟ ಆಡುವ ಮಗನೋ ಮಗಳೋ ಇದ್ದರೆ ಒಂದು ಭಾನುವಾರ ಕರೆದುಕೊಂಡು ಹೋಗಿ. ಮಯೂರನ ಕತೆ ಕೆತ್ತಿದ ಕಂಬವನ್ನು ತೋರಿಸಿ. ದಾರಿಯಲ್ಲಿ ವೀರಗಲ್ಲು ಕಂಡರೆ ಗಾಡಿ ನಿಲ್ಲಿಸಿ, ಪಾಚಿಯ ಮೇಲೆ ಒಂದಿಷ್ಟು ನೀರು ಚಿಮುಕಿಸಿ, ಕೆಳಪಟ್ಟಿಯಲ್ಲಿ ದನಗಳ ಸಾಲು ಇದೆಯೇ ಎಂದು ಮಕ್ಕಳಿಗೇ ಹುಡುಕಲು ಹೇಳಿ.